ಕಾನೂನು ಒಪ್ಪಿದ ವ್ಯಾಪಾರ, ಕಾರ್ಡ್ ಒಪ್ಪದ ಪಾವತಿ

ಅಮೆರಿಕದಲ್ಲಿ ಪರವಾನಗಿ ಪಡೆದ ಅಂಗಡಿಯಿಂದ ಬಂದೂಕು ಕೊಳ್ಳುವವರು ಮೊದಲು 4473 ಎಂಬ ಸಂಖ್ಯೆಯ ನಮೂನೆಯನ್ನು ತುಂಬಬೇಕು. ಹೆಸರು, ವಿಳಾಸ, ಹುಟ್ಟಿದ ದಿನಾಂಕದ ಜೊತೆಗೆ, ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಕೌಟುಂಬಿಕ ಹಿಂಸೆಯ ಪ್ರಕರಣವಿದೆಯೇ, ಮಾದಕ ವಸ್ತುಗಳ ಚಟವಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರಿಸಿ ಸಹಿ ಹಾಕಬೇಕು. ಸುಳ್ಳು ಬರೆದರೆ ಅದೇ ಒಂದು ಅಪರಾಧ. ಅಂಗಡಿಯವರು ಆ ವಿವರಗಳನ್ನು 1998ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಹಿನ್ನೆಲೆ ತಪಾಸಣಾ ವ್ಯವಸ್ಥೆಗೆ ಕಳುಹಿಸಿ, ಅಡ್ಡಿಯಿಲ್ಲವೆಂಬ ಉತ್ತರ ಬಂದ ಮೇಲೆ ಸರಕನ್ನು ಕೈಗಿಡುತ್ತಾರೆ. ಸಾಮಾನ್ಯವಾಗಿ ಮೂರು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ, ರಾಷ್ಟ್ರೀಯ ಕಾನೂನಿನಡಿ ತಪಾಸಣೆ ಮುಗಿಯದೆಯೂ ಕೊಡಬಹುದು. ಅಂತರ್ಜಾಲದ ಮಳಿಗೆಯಿಂದ ತರಿಸಿಕೊಂಡರೂ ಬಂದೂಕು ನೇರವಾಗಿ ಮನೆಗೆ ಬರುವುದಿಲ್ಲ. ಪರವಾನಗಿ ಇರುವ ಸ್ಥಳೀಯ ವ್ಯಾಪಾರಿಯ ಬಳಿಗೆ ಹೋಗಿ, ಇದೇ ನಮೂನೆ ತುಂಬಿ, ಇದೇ ತಪಾಸಣೆಯನ್ನು ದಾಟಿ ತೆಗೆದುಕೊಳ್ಳಬೇಕು. ಇಷ್ಟು ಸಾಕೇ, ಇನ್ನೂ ಬಿಗಿಯಾಗಬೇಕೇ ಎಂಬುದು ಆ ದೇಶ ದಶಕಗಳಿಂದ ನಡೆಸುತ್ತಿರುವ ಜಗಳ. ಆದರೆ ಇಷ್ಟೆಲ್ಲ ಆದ ಮೇಲೆ, ಮಾರಾಟವು ಕಾನೂನಿನ ಪ್ರಕಾರ ಸರಿಯೆಂದು ಸರ್ಕಾರವೇ ಒಪ್ಪಿದ ಮೇಲೆ, ಹಣ ಕೊಡುವ ಹಂತದಲ್ಲಿ ಇನ್ನೊಂದು ಬಾಗಿಲು ಎದುರಾಗುತ್ತದೆ. ಆ ಬಾಗಿಲನ್ನು ತೆರೆಯಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವವರು ಶಾಸಕರೂ ಅಲ್ಲ, ನ್ಯಾಯಾಧೀಶರೂ ಅಲ್ಲ, ಪಾವತಿ ಸಂಸ್ಥೆಗಳು.

ಪೇಪಾಲ್, ಸ್ಟ್ರೈಪ್, ಸ್ಕ್ವೇರ್ ಈ ಮೂರೂ ತಮ್ಮ ಬಳಕೆಯ ಷರತ್ತುಗಳಲ್ಲಿ ಬಂದೂಕು ಮತ್ತು ಮದ್ದುಗುಂಡುಗಳ ಮಾರಾಟವನ್ನು ನಿಷೇಧಿಸಿವೆ. ವ್ಯಾಪಾರಿಗೆ ಸರ್ಕಾರದ ಪರವಾನಗಿ ಇದೆಯೇ, ಅವನ ದಾಖಲೆ ಶುದ್ಧವಾಗಿದೆಯೇ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ, ಏಕೆಂದರೆ ನಿಷೇಧ ಇರುವುದು ವ್ಯಕ್ತಿಯ ಮೇಲಲ್ಲ, ಇಡೀ ವರ್ಗದ ಮೇಲೆ. ಈ ಪದ್ಧತಿ ಹೇಗೆ ಹುಟ್ಟಿತು, ಯಾರ ಒತ್ತಡದಿಂದ ಬೆಳೆಯಿತು ಎಂಬುದನ್ನು ಬಿಡಿಸಿ ನೋಡಬೇಕಾದ ಅಗತ್ಯವಿದೆ. ಬಂದೂಕಿನ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಇಲ್ಲಿ ತಯಾರಾದ ಉಪಕರಣವನ್ನು ನಾಳೆ ಯಾವ ವ್ಯಾಪಾರದ ಮೇಲೆ ಬೇಕಾದರೂ ಪ್ರಯೋಗಿಸಬಹುದು.

ಮೊದಲು ಯಂತ್ರದ ಒಳಗನ್ನು ನೋಡೋಣ. ಗಿರಾಕಿ ಕಾರ್ಡ್ ಉಜ್ಜಿದಾಗ ಹಣ ಒಂದೇ ಹೆಜ್ಜೆಯಲ್ಲಿ ಅಂಗಡಿಗೆ ಬರುವುದಿಲ್ಲ. ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕ್ ಒಂದು ಕಡೆ, ಅಂಗಡಿಯ ಪರವಾಗಿ ಹಣ ಪಡೆಯುವ ಬ್ಯಾಂಕ್ ಇನ್ನೊಂದು ಕಡೆ, ಇವೆರಡರ ನಡುವೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲ, ಜೊತೆಗೆ ಸಂದೇಶಗಳನ್ನು ಸಾಗಿಸುವ ಪೇಮೆಂಟ್ ಪ್ರೊಸೆಸರ್. ಅಂಗಡಿಯ ಪರವಾಗಿರುವ ಬ್ಯಾಂಕಿನ ಸ್ಥಾನವೇ ಇಲ್ಲಿ ಸೂಕ್ಷ್ಮವಾದದ್ದು. ಗಿರಾಕಿ ನಂತರ ತಕರಾರು ಎತ್ತಿ ಹಣ ವಾಪಸ್ ಕೇಳಿದಾಗ ಅಂಗಡಿ ಮುಚ್ಚಿಹೋಗಿದ್ದರೆ ನಷ್ಟ ಬೀಳುವುದು ಆ ಬ್ಯಾಂಕಿನ ತಲೆಯ ಮೇಲೆ. ಹಾಗಾಗಿ ಯಾವ ವ್ಯಾಪಾರಿಯನ್ನು ಸೇರಿಸಿಕೊಳ್ಳಬೇಕೆಂದು ಅದು ತೂಗಿ ನೋಡುವುದು ಸಹಜ, ನ್ಯಾಯ ಕೂಡ. ಪ್ರವಾಸ ಏಜೆನ್ಸಿಗಳು, ತಿಂಗಳ ಚಂದಾ ಮೇಲೆ ನಡೆಯುವ ವ್ಯಾಪಾರಗಳು ಹೆಚ್ಚು ಅಪಾಯದ ಪಟ್ಟಿಗೆ ಸೇರುವುದು ಈ ಕಾರಣಕ್ಕೇ. ಅಂಥವರು ಹೆಚ್ಚು ಶುಲ್ಕ ಕೊಡಬೇಕಾಗುತ್ತದೆ, ವಹಿವಾಟಿನ ಒಂದು ಪಾಲನ್ನು ತಿಂಗಳುಗಟ್ಟಲೆ ಠೇವಣಿಯಾಗಿ ಬಿಟ್ಟಿರಬೇಕಾಗುತ್ತದೆ.

ಸ್ಕ್ವೇರ್, ಸ್ಟ್ರೈಪ್‌ನಂಥ ಹೊಸ ಕಾಲದ ಸಂಸ್ಥೆಗಳ ಲೆಕ್ಕಾಚಾರ ಬೇರೆ. ಅವು ಲಕ್ಷಾಂತರ ಸಣ್ಣ ವ್ಯಾಪಾರಿಗಳನ್ನು ಕೆಲವೇ ನಿಮಿಷಗಳಲ್ಲಿ ಸೇರಿಸಿಕೊಳ್ಳುತ್ತವೆ. ಒಬ್ಬೊಬ್ಬರ ಕಾಗದಪತ್ರವನ್ನೂ ಕೂತು ಪರಿಶೀಲಿಸುವ ಪದ್ಧತಿ ಅವುಗಳಲ್ಲಿಲ್ಲ. ಪರಿಶೀಲನೆಯ ಶ್ರಮಕ್ಕಿಂತ ಇಡೀ ವರ್ಗವನ್ನು ಹೊರಗಿಡುವುದು ಅಗ್ಗ. ಇಷ್ಟರಿಂದಲೇ ವ್ಯಾಪಾರಿಯ ಕತೆ ಮುಗಿಯುವುದೂ ಇಲ್ಲ. ಕೆಲವು ಕಾರಣಗಳಿಗಾಗಿ ಖಾತೆ ರದ್ದಾದ ವ್ಯಾಪಾರಿಗಳ ಹೆಸರು ಮಾಸ್ಟರ್‌ಕಾರ್ಡ್ ನಡೆಸುವ ಮ್ಯಾಚ್ ಎಂಬ ಪಟ್ಟಿಗೆ ಸೇರುತ್ತದೆ, ಸಾಮಾನ್ಯವಾಗಿ ಐದು ವರ್ಷ ಅಲ್ಲೇ ಉಳಿಯುತ್ತದೆ. ಹೊಸ ವ್ಯಾಪಾರಿ ಅರ್ಜಿ ಹಾಕಿದಾಗ ಬ್ಯಾಂಕುಗಳು ಮೊದಲು ತೆರೆದು ನೋಡುವುದು ಅದನ್ನೇ.

2013ರಲ್ಲಿ ಉತ್ತರ ಕೆರೊಲಿನಾದ ಷಾರ್ಲೆಟ್ ನಗರದ ಹಯಾಟ್ ಗನ್ ಶಾಪ್ ಎಂಬ ದೊಡ್ಡ ಅಂಗಡಿಗೆ ಆಥರೈಸ್ ಡಾಟ್ ನೆಟ್ ಎಂಬ ಪಾವತಿ ಸೇವೆಯಿಂದ ಸಂದೇಶ ಬಂತು: ಅಂತರ್ಜಾಲದ ಮಾರಾಟಕ್ಕೆ ಇನ್ನು ಮುಂದೆ ಸೇವೆ ಇಲ್ಲ, ಬಂದೂಕು ಮಾರುವುದು ಒಪ್ಪಂದದ ಷರತ್ತಿಗೆ ವಿರುದ್ಧ. ಆಥರೈಸ್ ಡಾಟ್ ನೆಟ್ ಆಗ ವೀಸಾ ಒಡೆತನದ ಸಂಸ್ಥೆ. ಅಂಗಡಿ ಯಾವ ಕಾನೂನನ್ನೂ ಮುರಿದಿರಲಿಲ್ಲ. 2018ರಲ್ಲಿ ಲೆಕ್ಕಪತ್ರ ತಂತ್ರಾಂಶದ ದೊಡ್ಡ ಸಂಸ್ಥೆ ಇಂಟ್ಯೂಟ್‌ ಜೊತೆ ಅರಿಜೋನಾದ ಬಂದೂಕು ತರಬೇತಿ ಶಾಲೆ ಗನ್‌ಸೈಟ್ ಅಕಾಡೆಮಿಗೆ ಇದೇ ರೀತಿಯ ಅನುಭವವಾಯಿತು. ದೊಡ್ಡ ಅಂಗಡಿಗಳು ಸುದ್ದಿ ಮಾಡಿ, ವಕೀಲರನ್ನು ಹಿಡಿದು, ಬೇರೊಂದು ಸೇವೆ ಹುಡುಕಿಕೊಂಡು ಬದುಕಿಕೊಳ್ಳುತ್ತವೆ. ಊರಿನ ಅಂಚಿನಲ್ಲಿರುವ ಒಂಟಿ ಅಂಗಡಿಗೆ ಆ ಬಲವಿರುವುದಿಲ್ಲ.

ಸಂಸ್ಥೆಗಳು ಇದಕ್ಕೆ ಕೊಡುವ ಸಾಮಾನ್ಯ ಕಾರಣ ಅಪಾಯ. ಈ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕದ್ದ ಕಾರ್ಡಿನಿಂದ ಕೊಳ್ಳುವ ವಂಚಕನಿಗೆ, ಸರ್ಕಾರಿ ಗುರುತಿನ ಚೀಟಿ ತೋರಿಸಿ ಅಪರಾಧ ತಪಾಸಣೆಗೆ ಒಳಗಾಗಬೇಕಾದ ಸರಕಿಗಿಂತ ಅನನುಕೂಲವಾದ ಸರಕು ಬೇರೊಂದಿರಲಾರದು. ಹಣಕಾಸಿನ ಅಪಾಯ ನಿಜವಾಗಿದ್ದರೆ ಅದಕ್ಕೆ ಬೆಲೆ ಕಟ್ಟಬಹುದು, ಶುಲ್ಕ ಏರಿಸಬಹುದು, ಠೇವಣಿ ಕೇಳಬಹುದು. ಹಾಗೆ ಮಾಡದೆ ಸಂಪೂರ್ಣ ನಿಷೇಧ ಹೇರಿದಾಗ ಅಲ್ಲಿ ಕೆಲಸ ಮಾಡುತ್ತಿರುವುದು ಬಹುಪಾಲು ಇನ್ನೊಂದು ಬಗೆಯ ಅಪಾಯ. ಬ್ಯಾಂಕಿನ ನಿಯಂತ್ರಕರ ಭಾಷೆಯಲ್ಲಿ ಅದಕ್ಕೆ ಪ್ರತಿಷ್ಠೆಯ ಅಪಾಯ ಎಂಬ ಹೆಸರಿದೆ: ಇಂಥವರ ಜೊತೆ ವ್ಯವಹರಿಸಿದರೆ ನಮ್ಮ ಹೆಸರು ಕೆಡಬಹುದು ಎಂಬ ಭಯ. ಇದಕ್ಕೆ ಅಳತೆಗೋಲಿಲ್ಲ, ಹಾಗಾಗಿ ಇದನ್ನು ಯಾರ ಮೇಲೂ ಹೊರಿಸಬಹುದು.

ಆ ಭಯವನ್ನು ಮೊದಲು ಬಿತ್ತಿದವರಲ್ಲಿ ಸರ್ಕಾರವೂ ಇತ್ತು. ಬ್ಯಾಂಕ್ ಠೇವಣಿಗಳಿಗೆ ವಿಮೆ ಕೊಡುವ ಎಫ್‌ಡಿಐಸಿ 2011ರಲ್ಲಿ ತನ್ನ ಪ್ರಕಟಣೆಯೊಂದರಲ್ಲಿ ಹೆಚ್ಚು ಅಪಾಯದ ವ್ಯಾಪಾರಗಳ ಪಟ್ಟಿ ಕೊಟ್ಟಿತು. ಅದರಲ್ಲಿ ದುಬಾರಿ ಬಡ್ಡಿಯ ಸಾಲ, ಪಾಂಜಿ ಯೋಜನೆಗಳ ಸಾಲಿನಲ್ಲೇ ಬಂದೂಕು, ಮದ್ದುಗುಂಡು, ಪಟಾಕಿ, ತಂಬಾಕು ಮಾರಾಟವೂ ಇದ್ದವು. ವಂಚನೆಯೂ ಕಾನೂನುಬದ್ಧ ವ್ಯಾಪಾರವೂ ಒಂದೇ ಪಂಕ್ತಿಯಲ್ಲಿ. 2013ರಲ್ಲಿ ನ್ಯಾಯಾಂಗ ಇಲಾಖೆ ಆಪರೇಷನ್ ಚೋಕ್ ಪಾಯಿಂಟ್ ಎಂಬ ಕಾರ್ಯಾಚರಣೆ ಆರಂಭಿಸಿ, ಗ್ರಾಹಕರನ್ನು ವಂಚಿಸುವ ವ್ಯಾಪಾರಿಗಳಿಗೆ ಪಾವತಿ ಮಾರ್ಗ ಒದಗಿಸುವ ಬ್ಯಾಂಕುಗಳಿಗೆ ಸಮನ್ಸ್ ಕಳುಹಿಸತೊಡಗಿತು. ಅದರ ಮುಖ್ಯ ಗುರಿ ದುಬಾರಿ ಬಡ್ಡಿಗೆ ಸಾಲ ಕೊಡುವ ಸಂಸ್ಥೆಗಳು. ಬಂದೂಕಿನಂಗಡಿಗಳ ಮೇಲೆ ನೇರವಾಗಿ ಮೊಕದ್ದಮೆ ಹೂಡಿದ್ದಕ್ಕಿಂತ ಆ ಪಟ್ಟಿಯ ನೆರಳು ಅವುಗಳ ಮೇಲೆ ಬಿದ್ದದ್ದೇ ಹೆಚ್ಚು. ಟೀಕೆ ಹೆಚ್ಚಿದ ಮೇಲೆ ಎಫ್‌ಡಿಐಸಿ 2014ರಲ್ಲಿ ಪಟ್ಟಿಯನ್ನು ಹಿಂತೆಗೆದುಕೊಂಡಿತು, 2015ರಲ್ಲಿ ಪ್ರತಿ ಗ್ರಾಹಕನನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಎಂದು ಬ್ಯಾಂಕುಗಳಿಗೆ ಬರೆಯಿತು, 2017ರಲ್ಲಿ ಕಾರ್ಯಾಚರಣೆ ಮುಗಿದಿದೆ ಎಂದು ನ್ಯಾಯಾಂಗ ಇಲಾಖೆ ಘೋಷಿಸಿತು. ಆದರೆ ನಿಯಂತ್ರಕರ ಸೂಚನೆಯನ್ನು ಬ್ಯಾಂಕಿನವರು ಆಜ್ಞೆಯೆಂದೇ ಓದುತ್ತಾರೆ. ಮುಂದಿನ ತಪಾಸಣೆಗೆ ಬರುವ ಅಧಿಕಾರಿಯ ಹುಬ್ಬು ಗಂಟಿಕ್ಕಬಾರದೆಂಬ ಎಚ್ಚರ, ಸಣ್ಣ ಗ್ರಾಹಕನಿಂದ ಬರುವ ಶುಲ್ಕಕ್ಕಿಂತ ಅವರಿಗೆ ಬಹಳ ದೊಡ್ಡದು. ಪಟ್ಟಿ ಹೋದರೂ ಅದು ಕಲಿಸಿದ ಅಭ್ಯಾಸ ಹೋಗಲಿಲ್ಲ.

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಪ್ರೌಢಶಾಲೆಯಲ್ಲಿ ಹದಿನೇಳು ಜನ ಗುಂಡಿಗೆ ಬಲಿಯಾದರು. ಆ ಮಕ್ಕಳ ಸಹಪಾಠಿಗಳು ಬೀದಿಗಿಳಿದರು, ರಾಷ್ಟ್ರ ಮಟ್ಟದ ಶಾಸನಸಭೆ ಮತ್ತೊಮ್ಮೆ ಸುಮ್ಮನೆ ಕೂತಂತೆ ಕಂಡಿತು. ವರ್ಷಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ಬಂದೂಕಿನಿಂದ ಸಾಯುವ, ಆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ ಆಗಿರುವ ದೇಶದಲ್ಲಿ, ಕಾನೂನು ಮಾಡಬೇಕಾದವರು ಮಾಡದಿದ್ದಾಗ ಜನ ಬೇರೆ ಕೈಗಳನ್ನು ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. ವಾಷಿಂಗ್ಟನ್ ಮಾಡದ್ದನ್ನು ಬ್ಯಾಂಕುಗಳು ಮತ್ತು ಕಾರ್ಡ್ ಕಂಪನಿಗಳು ಮಾಡಬಹುದು ಎಂದು ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ ಆಂಡ್ರ್ಯೂ ರಾಸ್ ಸಾರ್ಕಿನ್ ಆ ತಿಂಗಳೇ ಬರೆದರು. ಮಾರ್ಚ್‌ನಲ್ಲಿ ಸಿಟಿಗ್ರೂಪ್, ತನ್ನ ಚಿಲ್ಲರೆ ವ್ಯಾಪಾರಿ ಗ್ರಾಹಕರು 21 ವರ್ಷದೊಳಗಿನವರಿಗೆ ಬಂದೂಕು ಮಾರಬಾರದು, ಹಿನ್ನೆಲೆ ತಪಾಸಣೆ ಪೂರ್ಣವಾಗದೆ ಕೊಡಬಾರದು, ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗಳನ್ನು ಮಾರಬಾರದು ಎಂದು ಷರತ್ತು ಹಾಕಿತು. ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ, ಸೇನಾ ಮಾದರಿಯ ಬಂದೂಕುಗಳನ್ನು ನಾಗರಿಕರಿಗಾಗಿ ತಯಾರಿಸುವ ಕಂಪನಿಗಳಿಗೆ ಸಾಲ ನಿಲ್ಲಿಸುವುದಾಗಿ ಹೇಳಿತು.

ಸಿಟಿಗ್ರೂಪ್‌ನ ಆ ಷರತ್ತುಗಳನ್ನು ಶಾಸನಸಭೆಯೊಂದು ಅಂಗೀಕರಿಸಿದ್ದರೆ ನಾನು ಸ್ವಾಗತಿಸುತ್ತಿದ್ದೆ. ಹದಿನೆಂಟರ ಹುಡುಗನ ಕೈಗೆ ಅಂಥ ಬಂದೂಕು ಸುಲಭವಾಗಿ ಸಿಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಶಾಸನಸಭೆ ಮಾಡಿದ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಮಾಡಿದವರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸಬಹುದು. ಬ್ಯಾಂಕಿನ ಆಡಳಿತ ಮಂಡಳಿಯನ್ನು ಯಾರೂ ಮತ ಹಾಕಿ ಕೂರಿಸಿಲ್ಲ, ಮತ ಹಾಕಿ ಇಳಿಸಲೂ ಆಗುವುದಿಲ್ಲ. ಅಮೆರಿಕದ ಡೆಬಿಟ್ ಕಾರ್ಡ್ ವಹಿವಾಟಿನ ಶೇಕಡ 60ಕ್ಕೂ ಹೆಚ್ಚು ಪಾಲು ವೀಸಾ ಒಂದರ ಜಾಲದಲ್ಲೇ ಹರಿಯುತ್ತದೆ ಎಂದು ನ್ಯಾಯಾಂಗ ಇಲಾಖೆಯೇ 2024ರ ಸೆಪ್ಟೆಂಬರ್‌ನಲ್ಲಿ ಹೂಡಿದ ಏಕಸ್ವಾಮ್ಯ ವಿರೋಧಿ ಮೊಕದ್ದಮೆಯಲ್ಲಿ ಹೇಳಿದೆ. ಇಷ್ಟು ಕೇಂದ್ರೀಕೃತವಾದ ಮಾರುಕಟ್ಟೆಯಲ್ಲಿ, ಇಷ್ಟವಿಲ್ಲದವರು ಬೇರೆ ಕಡೆ ಹೋಗಲಿ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಮುಂದಿನ ಹೋರಾಟ ನಾಲ್ಕು ಅಂಕಿಗಳ ಮೇಲೆ ನಡೆಯಿತು. ಕಾರ್ಡ್ ಜಾಲಗಳು ಪ್ರತಿ ವ್ಯಾಪಾರಿಗೂ ಅವನ ವ್ಯಾಪಾರದ ಬಗೆಯನ್ನು ಸೂಚಿಸುವ ನಾಲ್ಕು ಅಂಕಿಯ ಸಂಕೇತವೊಂದನ್ನು ಕೊಡುತ್ತವೆ. ದಿನಸಿ ಅಂಗಡಿಗೆ ಒಂದು, ಔಷಧದಂಗಡಿಗೆ ಇನ್ನೊಂದು. ಬಂದೂಕಿನಂಗಡಿಗಳಿಗೆ ತಮ್ಮದೇ ಸಂಕೇತ ಇರಲಿಲ್ಲ. ಕ್ರೀಡಾ ಸಾಮಗ್ರಿಗಳ ಜೊತೆಯಲ್ಲೋ ಇತರ ಚಿಲ್ಲರೆ ವ್ಯಾಪಾರಗಳ ಜೊತೆಯಲ್ಲೋ ಅವು ಸೇರಿಹೋಗಿದ್ದವು. ನ್ಯೂಯಾರ್ಕಿನ ಅಮಾಲ್ಗಮೇಟೆಡ್ ಬ್ಯಾಂಕ್ ಸಲ್ಲಿಸಿದ ಅರ್ಜಿಯನ್ನು ಒಪ್ಪಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 2022ರ ಸೆಪ್ಟೆಂಬರ್‌ನಲ್ಲಿ 5723 ಎಂಬ ಹೊಸ ಸಂಕೇತವನ್ನು ಮಂಜೂರು ಮಾಡಿತು. ಇದರ ಹಿಂದೆ ಒಂದು ನಿಜವಾದ ನೋವಿತ್ತು. 2016ರಲ್ಲಿ ಆರ್ಲ್ಯಾಂಡೊದ ನೈಟ್‌ಕ್ಲಬ್‌ನಲ್ಲಿ 49 ಜನರನ್ನು ಕೊಂದವನು ಅದಕ್ಕೂ ಮುಂಚಿನ ಕೆಲವು ದಿನಗಳಲ್ಲಿ ಬಂದೂಕು ಮತ್ತು ಮದ್ದುಗುಂಡಿಗೆ ಇಪ್ಪತ್ತು ಸಾವಿರ ಡಾಲರ್‌ಗೂ ಹೆಚ್ಚು ಹಣವನ್ನು ಬಹುಪಾಲು ಕ್ರೆಡಿಟ್ ಕಾರ್ಡ್‌ಗಳಲ್ಲೇ ಸುರಿದಿದ್ದ. ಯಾರಾದರೂ ಅದನ್ನು ಮೊದಲೇ ಗಮನಿಸಿದ್ದರೆ ಎಂಬ ಪ್ರಶ್ನೆ ಸತ್ತವರ ಮನೆಯವರನ್ನು ಕಾಡದೆ ಇರುತ್ತದೆಯೇ?

ಆದರೆ 5723 ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ನಿಖರವಾಗಿ ತಿಳಿದುಕೊಳ್ಳಬೇಕು. ಸಂಕೇತ ಅಂಟಿಕೊಳ್ಳುವುದು ಅಂಗಡಿಗೆ, ಸರಕಿಗಲ್ಲ. ಅಲ್ಲಿ ಸಾವಿರ ಡಾಲರ್ ಖರ್ಚು ಮಾಡಿದವನು ರೈಫಲ್ ಕೊಂಡನೋ, ಬಂದೂಕಿಡುವ ಕಬ್ಬಿಣದ ತಿಜೋರಿ ಕೊಂಡನೋ, ಬೇಟೆಯ ಕೋಟು ಕೊಂಡನೋ ಎಂಬುದು ಬ್ಯಾಂಕಿಗೆ ಕಾಣುವುದಿಲ್ಲ. ಅದೇ ರೈಫಲನ್ನು ಎಲ್ಲ ಬಗೆಯ ಸರಕೂ ಇರುವ ದೊಡ್ಡ ಮಳಿಗೆಯಲ್ಲಿ ಕೊಂಡರೆ ಅದು ಬೇರೆ ಸಂಕೇತದಡಿ ದಾಖಲಾಗುತ್ತದೆ. ಬ್ಯಾಂಕುಗಳು ಶಂಕಾಸ್ಪದ ವಹಿವಾಟಿನ ವರದಿಯನ್ನು ಹಣಕಾಸು ಅಪರಾಧಗಳ ವಿಭಾಗಕ್ಕೆ ಕಳುಹಿಸಬಹುದು ನಿಜ, ಆದರೆ ಯಾವುದು ಶಂಕಾಸ್ಪದ ಎಂಬ ಅಳತೆಯನ್ನು ಕಾನೂನು ನಿಗದಿಪಡಿಸದಿದ್ದರೆ ಬೇಟೆಯ ಹಂಗಾಮಿಗೆ ಮುಂಚೆ ಖರೀದಿ ಮಾಡಿದ ಸಾವಿರಾರು ಜನರ ಹೆಸರು ಕಡತ ಸೇರುತ್ತದೆ, ಹುಡುಕಬೇಕಾದ ಒಬ್ಬ ಆ ರಾಶಿಯಲ್ಲಿ ಮುಚ್ಚಿಹೋಗುತ್ತಾನೆ. ಕಾರ್ಡ್ ಕಂಪನಿಗಳು ಮೊದಲು ಸಂಕೇತವನ್ನು ಜಾರಿಗೆ ತರುತ್ತೇವೆಂದವು. ಹಲವು ರಾಜ್ಯಗಳಲ್ಲಿ ಅದನ್ನು ನಿಷೇಧಿಸುವ ಮಸೂದೆಗಳು ಬಂದಾಗ 2023ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿದವು. ಫ್ಲಾರಿಡಾದಂಥ ರಾಜ್ಯಗಳು ಸಂಕೇತವನ್ನು ಬಳಸಕೂಡದೆಂದು ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾ ಅದನ್ನು ಬಳಸಲೇಬೇಕೆಂದು ಕಾನೂನು ಮಾಡಿ 2025ರ ಮೇ 1ರ ಗಡುವು ಕೊಟ್ಟಿತು. ಕನಿಷ್ಠ ಇವು ಚುನಾಯಿತರು ಬಹಿರಂಗವಾಗಿ ಚರ್ಚಿಸಿ ತೆಗೆದುಕೊಂಡ ತೀರ್ಮಾನಗಳು. ಎರಡರಲ್ಲಿ ಯಾವುದು ಸರಿಯೆಂದು ವಾದಿಸಲು ಅಲ್ಲಿ ಜಾಗವಿದೆ.

ತೆರೆಮರೆಯ ಒತ್ತಡಕ್ಕೆ ಒಂದು ಸ್ಪಷ್ಟ ಗೆರೆ ಎಳೆದದ್ದು ಅಮೆರಿಕದ ಸುಪ್ರೀಂ ಕೋರ್ಟ್. ಪಾರ್ಕ್‌ಲ್ಯಾಂಡ್ ನಂತರ ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಮುಖ್ಯಸ್ಥೆಯಾಗಿದ್ದ ಮರಿಯಾ ವುಲ್ಲೊ, ಬಂದೂಕು ಹಕ್ಕಿನ ಪರ ಹೋರಾಡುವ ರಾಷ್ಟ್ರೀಯ ರೈಫಲ್ ಸಂಘದ ಜೊತೆಗಿನ ಸಂಬಂಧವನ್ನು ಮರುಪರಿಶೀಲಿಸುವಂತೆ ಬ್ಯಾಂಕುಗಳಿಗೂ ವಿಮಾ ಕಂಪನಿಗಳಿಗೂ ಮಾರ್ಗದರ್ಶಿ ಪತ್ರ ಬರೆದಿದ್ದರು. ಸಂಘದೊಂದಿಗೆ ನಂಟು ಕಡಿದುಕೊಂಡರೆ ಬೇರೆ ಉಲ್ಲಂಘನೆಗಳನ್ನು ಕಡೆಗಣಿಸುವ ಸೂಚನೆಯನ್ನೂ ಒಂದು ವಿಮಾ ಸಂಸ್ಥೆಗೆ ಕೊಟ್ಟಿದ್ದರೆಂಬುದು ಸಂಘದ ಆರೋಪ. 2024ರ ಮೇ 30ರಂದು ನ್ಯಾಯಾಲಯ ಸರ್ವಾನುಮತದಿಂದ, ಆ ಆರೋಪಗಳು ನಿಜವಾದರೆ ಅದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು. ತೀರ್ಪು ಬರೆದವರು ಉದಾರವಾದಿ ಪಂಗಡದ ಸೋನಿಯಾ ಸೊಟೊಮೇಯರ್, ಸಂಘದ ಪರ ವಾದಿಸಿದವರು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಸ್ವಾತಂತ್ರ್ಯ ಸಂಘಟನೆಯ ವಕೀಲರು. ಬಂದೂಕಿನ ವಿಷಯದಲ್ಲಿ ರೈಫಲ್ ಸಂಘವನ್ನು ಒಪ್ಪದವರೇ ಅದರ ಪರ ನಿಂತರು, ಏಕೆಂದರೆ ಸರ್ಕಾರ ತಾನು ನೇರವಾಗಿ ಮಾಡಲಾಗದ್ದನ್ನು ಮಧ್ಯವರ್ತಿಯ ಕೈಯಿಂದ ಮಾಡಿಸುವಂತಿಲ್ಲ ಎಂಬ ತತ್ವ ನಾಳೆ ಅವರನ್ನೂ ಕಾಯಬೇಕಾಗಿತ್ತು. 2015ರಲ್ಲಿ ಷಿಕಾಗೊ ಭಾಗದ ಶೆರಿಫ್ ಒಬ್ಬರು ಬ್ಯಾಕ್‌ಪೇಜ್ ಎಂಬ ಜಾಹೀರಾತು ತಾಣಕ್ಕೆ ಸೇವೆ ನಿಲ್ಲಿಸುವಂತೆ ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ಪತ್ರ ಬರೆದಾಗ, ಮೇಲ್ಮನವಿ ನ್ಯಾಯಾಲಯವೂ ಇದೇ ಮಾತನ್ನು ಹೇಳಿತ್ತು.

ಇನ್ನೊಂದು ಬದಿಯ ಬಲಾತ್ಕಾರವನ್ನೂ ಹೇಳಬೇಕು. ಬಂದೂಕು ಉದ್ಯಮದ ವಿರುದ್ಧ ತಾರತಮ್ಯ ಮಾಡುವ ಕಂಪನಿಗಳ ಜೊತೆ ಸರ್ಕಾರಿ ಸಂಸ್ಥೆಗಳು ಒಪ್ಪಂದ ಮಾಡಿಕೊಳ್ಳಕೂಡದು ಎಂದು ಟೆಕ್ಸಾಸ್ 2021ರಲ್ಲಿ ಕಾನೂನು ಮಾಡಿತು, ತೈಲ ಉದ್ಯಮಕ್ಕಾಗಿ ಇಂಥದೇ ಇನ್ನೊಂದನ್ನೂ ತಂದಿತು. ಐದು ದೊಡ್ಡ ಬ್ಯಾಂಕುಗಳು ಅಲ್ಲಿನ ಸರ್ಕಾರಿ ಬಾಂಡ್ ಮಾರುಕಟ್ಟೆಯಿಂದ ಹಿಂದೆ ಸರಿದವು. ಮೊದಲ ಎಂಟು ತಿಂಗಳಲ್ಲಿ ಎತ್ತಿದ ಸಾಲದ ಮೇಲೆ ಸ್ಥಳೀಯ ಸಂಸ್ಥೆಗಳು ಸುಮಾರು 30ರಿಂದ 53 ಕೋಟಿ ಡಾಲರ್ ಹೆಚ್ಚುವರಿ ಬಡ್ಡಿ ಕಟ್ಟಬೇಕಾಗುತ್ತದೆಂದು ಡೇನಿಯಲ್ ಗ್ಯಾರೆಟ್ ಮತ್ತು ಇವಾನ್ ಇವಾನೊವ್ ಎಂಬ ಸಂಶೋಧಕರು ಲೆಕ್ಕ ಹಾಕಿದರು. ಆ ಬಡ್ಡಿ ಹೋಗುವುದು ಶಾಲೆ, ನೀರು, ರಸ್ತೆಗೆ ಸಾಲ ಎತ್ತಿದ ಊರುಗಳ ತೆರಿಗೆದಾರರ ಜೇಬಿನಿಂದ.

ಇದು ದೂರದೂರಿನ ಕತೆಯಷ್ಟೇ ಎಂದುಕೊಳ್ಳಬೇಕಾಗಿಲ್ಲ. ಕ್ರಿಪ್ಟೊ ವಿನಿಮಯ ಕೇಂದ್ರಗಳಿಗೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ನಮ್ಮ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದುಮಾಡಿತು. ನಿಷೇಧಿಸದ ವ್ಯಾಪಾರದ ಉಸಿರನ್ನು ಬ್ಯಾಂಕಿನ ಮೂಲಕ ಕಟ್ಟುವುದು ಮಿತಿ ಮೀರಿದ ಕ್ರಮ ಎಂಬುದು ತೀರ್ಪಿನ ತಿರುಳು. ಆದರೂ ಬ್ಯಾಂಕುಗಳು ರದ್ದಾದ ಸುತ್ತೋಲೆಯನ್ನೇ ತೋರಿಸಿ ಗ್ರಾಹಕರಿಗೆ ಎಚ್ಚರಿಕೆ ಪತ್ರ ಬರೆಯುತ್ತಿದ್ದವು. ಹಾಗೆ ಮಾಡಬೇಡಿ ಎಂದು 2021ರ ಮೇ 31ರಂದು ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು. 2022ರ ಏಪ್ರಿಲ್ 7ರಂದು ಅಮೆರಿಕದ ಕಾಯಿನ್‌ಬೇಸ್ ಬೆಂಗಳೂರಿನಲ್ಲಿ ಸಮಾರಂಭ ಮಾಡಿ ಯುಪಿಐ ಪಾವತಿಯೊಂದಿಗೆ ತನ್ನ ಸೇವೆಯನ್ನು ಆರಂಭಿಸಿತು. ಯಾವ ಕ್ರಿಪ್ಟೊ ಕೇಂದ್ರವೂ ಯುಪಿಐ ಬಳಸುತ್ತಿರುವುದು ತನಗೆ ಗೊತ್ತಿಲ್ಲ ಎಂದು, ಯುಪಿಐಯನ್ನು ನಡೆಸುವ ಎನ್‌ಪಿಸಿಐ ಹೇಳಿಕೆ ಕೊಟ್ಟದ್ದೇ, ಕೆಲವೇ ದಿನಗಳಲ್ಲಿ ಆ ಸೌಲಭ್ಯ ನಿಂತುಹೋಯಿತು. ರಿಸರ್ವ್ ಬ್ಯಾಂಕಿನ ಅನೌಪಚಾರಿಕ ಒತ್ತಡವೇ ಕಾರಣವೆಂದು ಕಂಪನಿಯ ಮುಖ್ಯಸ್ಥ ಬ್ರಯಾನ್ ಆರ್ಮ್‌ಸ್ಟ್ರಾಂಗ್ ಮುಂದಿನ ತಿಂಗಳು ಹೇಳಿದರು. ಕ್ರಿಪ್ಟೊ ಬಗ್ಗೆ ನನಗೆ ಒಲವಿಲ್ಲ. ಆದರೆ ಯಾವ ಆದೇಶದಡಿ ನಿಂತಿತೆಂದು ತೋರಿಸುವ ಒಂದು ಹಾಳೆಯೂ ಇಲ್ಲದೆ ಸೇವೆಯೊಂದು ನಿಲ್ಲುವುದು, ಷಾರ್ಲೆಟ್‌ನ ಅಂಗಡಿಗೆ ಆದದ್ದಕ್ಕಿಂತ ಬೇರೆಯಲ್ಲ.

2025ರ ಜುಲೈನಲ್ಲಿ ಸ್ಟೀಮ್ ಎಂಬ ಆಟಗಳ ತಾಣ ಕೆಲವು ವಯಸ್ಕರ ಆಟಗಳನ್ನು ತೆಗೆದುಹಾಕಿದಾಗ ಇದೇ ವ್ಯವಸ್ಥೆಯ ಮತ್ತೊಂದು ಮುಖ ಕಂಡಿತು. ತಾವು ಕಾನೂನುಬದ್ಧ ಖರೀದಿಯನ್ನು ತಡೆದಿಲ್ಲ ಎಂದು ಮಾಸ್ಟರ್‌ಕಾರ್ಡ್ ಹೇಳಿತು. ಮಾಸ್ಟರ್‌ಕಾರ್ಡ್‌ನ ನಿಯಮವನ್ನೇ ಉಲ್ಲೇಖಿಸಿ ಪಾವತಿ ಸಂಸ್ಥೆಗಳು ಒತ್ತಡ ಹೇರಿದವು ಎಂದು ಸ್ಟೀಮ್ ನಡೆಸುವ ವಾಲ್ವ್ ಹೇಳಿತು. ನಿರ್ಧಾರ ಯಾರದೆಂದು ಕೇಳಿದರೆ ಸರಪಳಿಯ ಪ್ರತಿ ಕೊಂಡಿಯೂ ಪಕ್ಕದ ಕೊಂಡಿಯನ್ನು ತೋರಿಸುತ್ತದೆ. ಅನ್ಯಾಯವಾದವನು ಯಾರ ಬಾಗಿಲು ತಟ್ಟಬೇಕು?

ಪರಿಹಾರ ಹುಡುಕುವಾಗ ಎಲ್ಲ ಸಂಸ್ಥೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹತ್ತು ಪೈಪೋಟಿದಾರರಿರುವ ಸಣ್ಣ ಪಾವತಿ ಕಂಪನಿಯೊಂದು ತನ್ನ ಮನಸ್ಸಾಕ್ಷಿಗೆ ಒಪ್ಪದ ವ್ಯಾಪಾರವನ್ನು ಬಿಡುವ ಸ್ವಾತಂತ್ರ್ಯ ಉಳಿಯಲಿ. ಆದರೆ ಯಾರೂ ಸುತ್ತಿಕೊಂಡು ಹೋಗಲಾಗದ ಕಾರ್ಡ್ ಜಾಲಗಳು, ಠೇವಣಿ ವಿಮೆಯಂಥ ಸಾರ್ವಜನಿಕ ಆಸರೆಯ ಮೇಲೆ ನಿಂತ ದೊಡ್ಡ ಬ್ಯಾಂಕುಗಳು, ಇಡೀ ಮಾರುಕಟ್ಟೆಯಲ್ಲಿ ಬೇರೂರಿದ ಬೃಹತ್ ಪ್ರೊಸೆಸರ್‌ಗಳಿಗೆ ಆ ಸಡಿಲಿಕೆ ಸಲ್ಲದು. ಅವು ನಿರಾಕರಿಸುವುದಾದರೆ ಆ ಗ್ರಾಹಕನ ವಹಿವಾಟನ್ನೇ ನೋಡಿ, ಅಳೆಯಬಹುದಾದ ಕಾರಣವನ್ನು ಲಿಖಿತವಾಗಿ ಕೊಟ್ಟು, ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಸಮಯ ಕೊಟ್ಟು, ಹೊರಗಿನವರೊಬ್ಬರ ಮುಂದೆ ಮೇಲ್ಮನವಿಗೆ ಅವಕಾಶ ಕೊಟ್ಟು ನಿರಾಕರಿಸಬೇಕು. ನಿಯಂತ್ರಕರು ಬ್ಯಾಂಕಿಗೆ ಯಾವ ಗ್ರಾಹಕನ ಬಗ್ಗೆ ಏನೇ ಸೂಚಿಸಿದರೂ ಅದು ಬರಹದಲ್ಲಿರಬೇಕು.

ಅಮೆರಿಕದಲ್ಲಿ ಈ ದಿಕ್ಕಿನಲ್ಲಿ ನಡೆದ ಪ್ರಮುಖ ಪ್ರಯತ್ನಗಳು ಎರಡು, ಎರಡೂ ಅರೆಬರೆ. ರಾಷ್ಟ್ರೀಯ ಬ್ಯಾಂಕುಗಳ ನಿಯಂತ್ರಕ ಸಂಸ್ಥೆ 2021ರ ಜನವರಿ 14ರಂದು ನ್ಯಾಯಯುತ ಪ್ರವೇಶದ ನಿಯಮವೊಂದನ್ನು ಅಂತಿಮಗೊಳಿಸಿತು. ಹತ್ತು ಸಾವಿರ ಕೋಟಿ ಡಾಲರ್‌ಗಿಂತ ಹೆಚ್ಚು ಆಸ್ತಿಯಿರುವ ಬ್ಯಾಂಕುಗಳು ಗ್ರಾಹಕರನ್ನು ವರ್ಗವಾಗಿ ಅಲ್ಲ, ಒಬ್ಬೊಬ್ಬರಾಗಿ ಅಳೆಯಬೇಕೆಂಬುದು ಅದರ ಸಾರ. ವಾರ ಕಳೆಯುವುದರೊಳಗೆ ದೇಶದ ಅಧ್ಯಕ್ಷರು ಬದಲಾದರು, ಜನವರಿ 28ಕ್ಕೆ ನಿಯಮವನ್ನು ತಡೆಹಿಡಿಯಲಾಯಿತು. 2025ರ ಆಗಸ್ಟ್ 7ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಆದೇಶ, ಪ್ರತಿಷ್ಠೆಯ ಅಪಾಯ ಎಂಬ ಮಾನದಂಡವನ್ನೇ ಬ್ಯಾಂಕ್ ತಪಾಸಣೆಯಿಂದ ತೆಗೆದುಹಾಕುವಂತೆ ನಿಯಂತ್ರಕರಿಗೆ ಸೂಚಿಸಿತು. ಅದಕ್ಕೆ ಎರಡು ತಿಂಗಳು ಮುಂಚೆ, ಜೂನ್‌ನಲ್ಲಿ, ಸಿಟಿಗ್ರೂಪ್ 2018ರ ತನ್ನ ಬಂದೂಕು ನೀತಿಯನ್ನು ಕೈಬಿಟ್ಟಿತ್ತು. 2018ರಲ್ಲಿ ಅದನ್ನು ತಂದಾಗ ಬಂದೂಕಿನ ಕುರಿತ ರಾಷ್ಟ್ರೀಯ ಕಾನೂನು ಬದಲಾಗಿರಲಿಲ್ಲ, ಕೈಬಿಟ್ಟಾಗಲೂ ಬ್ಯಾಂಕಿನ ಗ್ರಾಹಕರಿಂದ ಬರುವ ಅಪಾಯವೇನೂ ಕಡಿಮೆಯಾಗಿರಲಿಲ್ಲ. ಬದಲಾದದ್ದು ಯಾವ ಬದಿಯಿಂದ ಒತ್ತಡ ಬರುತ್ತಿದೆ ಎಂಬುದು. ಅಧ್ಯಕ್ಷರ ಆದೇಶವನ್ನು ಮುಂದಿನ ಅಧ್ಯಕ್ಷರು ಒಂದು ಸಹಿಯಿಂದ ರದ್ದುಮಾಡಬಹುದು. ಅದಕ್ಕಿಂತ ಗಟ್ಟಿಯಾದ ಕಾನೂನನ್ನು ಎರಡೂ ಪಕ್ಷಗಳು ಒಪ್ಪಿ ಸಂಸತ್ತಿನಲ್ಲಿ ಮಾಡುವವರೆಗೆ, ಪರವಾನಗಿಯನ್ನು ಗೋಡೆಗೆ ತೂಗುಹಾಕಿಕೊಂಡ ವ್ಯಾಪಾರಿ ಪ್ರತಿ ಚುನಾವಣೆಯ ನಂತರವೂ ತನ್ನ ಪಾವತಿ ಒಪ್ಪಂದದ ಷರತ್ತುಗಳನ್ನು ಮತ್ತೆ ಓದಿ ನೋಡಬೇಕಾಗುತ್ತದೆ.